ಅನುಕರಣೆಯೂ ಸ್ವಂತಿಕೆಯೂ: ಬಾಲವಾದಕನೊಬ್ಬನ ಕಛೇರಿಮುದ್ರಿಕೆಯ ವಿಚಾರ

ಪೀಠಿಕೆ

ಕಾವ್ಯವು ಹುಟ್ಟುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹುಕಾಲ ಚರ್ಚಿಸಿದ್ದಾರೆ. ಮಮ್ಮಟಾಚಾರ್ಯನು ತನ್ನ 'ಕಾವ್ಯಪ್ರಕಾಶ'ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಬೇರೆ ಬೇರೆ ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು. ಶಕ್ತಿಯೆಂದರೆ ಹುಟ್ಟಿನೊಡನೆ ಬಂದ ಪ್ರತಿಭೆ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ಅವಲೋಕಿಸಿ ಪಡೆದ ವ್ಯುತ್ಪತ್ತಿ. ಅಭ್ಯಾಸವೆಂದರೆ ಬಲ್ಲವರ ಶಿಕ್ಷಣವನ್ನು ಹೊಂದಿ ಮತ್ತೆ ಮತ್ತೆ ಮಾಡುತ್ತ ಬರುವುದು.

ಈ ಮಾತನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಬುದ್ಧಿವಂತ ವಿದ್ಯಾರ್ಥಿಯಿಂದ ಒಂದು ಆಕ್ಷೇಪಣೆ ಬರುವುದುಂಟು. ಎಂಟು ಹತ್ತು ವರ್ಷದ ಮಕ್ಕಳು ವಿದ್ವಾಂಸರು ಬೆರಗಾಗುವಂತೆ ಹಾಡುತ್ತಾರೆ, ನುಡಿಸುತ್ತಾರೆ. ಅವರಿಗೆ ವ್ಯುತ್ಪತ್ತಿಯೆಲ್ಲಿ, ಅಭ್ಯಾಸವೆಲ್ಲಿ? ಅದು ಕೇವಲ ಪ್ರತಿಭೆಯಲ್ಲವೆ? ಪ್ರತಿಭೆಯಿಲ್ಲದ ನಾವು ಎಷ್ಟು ಶ್ರಮಪಟ್ಟರೇನು? ಈ ಆಕ್ಷೇಪಣೆಯೊಳಗೆ ನಿರಾಶೆಯೊಂದು ಅಡಗಿರುವುದರಿಂದ ಇದನ್ನು ಅಲಕ್ಷಿಸಲಾಗದು. ಇದಕ್ಕೆ ಸಮಾಧಾನವನ್ನು ಹೇಳಲು ನಮಗೆ ದೂರದ್ದಾದ ಒಂದು ಸಂಗೀತದಿಂದ ಒಂದು ನಿದರ್ಶನವನ್ನು ಆರಿಸಿಕೊಂಡಿದ್ದೇನೆ. ಇಂಡೊನೇಷ್ಯದಲ್ಲಿ ಹುಟ್ಟಿದ ಜೋಯಿ ಅಲೆಕ್ಸಾಂಡರ್ ಎಂಬ ಪಿಯಾನೊವಾದಕನು 2017ರಲ್ಲಿ, ಹದಿನಾಲ್ಕು ತುಂಬುವ ಸುಮಾರಿಗೆ, ನ್ಯೂಯಾರ್ಕಿನಲ್ಲಿ ಸಭಿಕರ ಎದುರು ನುಡಿಸಿದ 'ಜೋಯಿ.ಮಂಕ್.ಲೈವ್!' ಎಂಬ ಮುದ್ರಿಕೆಯೇ ಆ ನಿದರ್ಶನ.

ಜಾಜ್ ಸಂಗೀತದ ಸ್ವರೂಪ

ಜಾಜ್ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕೆಯ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನಾಂಗದವರ ನಡುವೆ ಬೆಳೆದು ಬಂದ ಸಂಗೀತ. ದಾಸ್ಯದಲ್ಲಿ ಬೆಂದವರ ಮಕ್ಕಳು ಮೊಮ್ಮಕ್ಕಳು ತಮ್ಮ ಹಾಡುಗಳಿಗೂ ಲಯಕ್ಕೂ ಪಾಶ್ಚಾತ್ಯ ವಾದ್ಯಗಳನ್ನು ಒಗ್ಗಿಸಿಕೊಂಡು ಇದನ್ನು ಕಟ್ಟಿದರು. ಇದರ ಜೀವಾಳ ಮನೋಧರ್ಮ. ಆದರೆ ಆ ಮನೋಧರ್ಮಕ್ಕೆ ಕಟ್ಟುನಿಟ್ಟಾದ ನಿಯಮವುಂಟು. ಮೊದಲು ವಾದಕರು ಕೃತಿಯ ಮೂಲಧಾಟಿಯನ್ನು ನುಡಿಸಿ ತೋರಿಸುತ್ತಾರೆ. ಆ ಧಾಟಿಯ ಅಡಿಯಲ್ಲಿ ಸ್ವರಗುಚ್ಛಗಳ, ಎಂದರೆ ಒಟ್ಟಿಗೆ ನುಡಿಯುವ ಹಲವು ಸ್ವರಗಳ, ಒಂದು ಸರಣಿಯಿರುತ್ತದೆ. ಅದು ಹನ್ನೆರಡು ಅಥವಾ ಮೂವತ್ತೆರಡು ತಾಳಖಂಡಗಳಿಗೆ ಒಂದು ಸುತ್ತನ್ನು ಮುಗಿಸಿ ಪುನಃ ಮೊದಲಿಗೆ ಬರುವುದು ಸಾಮಾನ್ಯ. ಈ ಸುತ್ತು ಕೆಡದಂತೆ, ಅದರ ಮೇಲೆ ಒಬ್ಬೊಬ್ಬ ವಾದಕನೂ ಆ ಗಳಿಗೆಯಲ್ಲಿ ತನಗೆ ತೋರಿದ ಹೊಸ ಧಾಟಿಯನ್ನು ಕಟ್ಟುತ್ತ ಹೋಗುತ್ತಾನೆ. ಕಡೆಯಲ್ಲಿ ಎಲ್ಲರೂ ಮೂಲಧಾಟಿಗೆ ಹಿಂದಿರುಗುತ್ತಾರೆ. ನಮ್ಮವರು ಪಲ್ಲವಿಯನ್ನು ಹಿಡಿದು ತಾಳದ ಆವರ್ತ ತಪ್ಪದಂತೆ ಕಲ್ಪನಾಸ್ವರ ಹಾಕುವುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. ನಮ್ಮಲ್ಲಿ ರಾಗವು ಎಲ್ಲೆಯನ್ನು ಹಾಕುವಂತೆ ಅಲ್ಲಿ ಸ್ವರಗುಚ್ಛಗಳ ಸರಣಿ ಎಲ್ಲೆಯನ್ನು ಹಾಕುತ್ತದೆ ಎಂಬುದು ಮುಖ್ಯವಾದ ಭೇದ.

ಈ ಸಂಗೀತದ ಪ್ರಸಿದ್ಧ ಮೇಳಗಳಲ್ಲಿ ಒಂದು ತ್ರಿವಾದ್ಯಮೇಳ. ಅಲ್ಲಿಯವರು ಅದನ್ನು ಟ್ರಯೋ ಎನ್ನುವರು. 88 ಕೀಲಿಗಳ ಪಿಯಾನೊ, ಆಳೆತ್ತರದ ತಂತಿವಾದ್ಯವಾದ ಡಬಲ್ ಬಾಸ್, ಡ್ರಮ್ ಎಂಬ ಚರ್ಮವಾದ್ಯ ಮತ್ತು ಕಂಚಿನ ತಟ್ಟೆಗಳ ಸಮೂಹ, ಇಷ್ಟೇ ಅಲ್ಲಿರುವುದು. ಬಾಸ್ ಮತ್ತು ಡ್ರಮ್‌ಗಳನ್ನು ಕೇವಲ ಪಕ್ಕವಾದ್ಯಗಳೆಂದು ಬಗೆಯಬಾರದು. ಮೂವರೂ ಒಬ್ಬರ ಮಾತಿಗೆ ಒಬ್ಬರು ಮರುಮಾತು ಕೊಡುವವರೇ. ಮೇಳವು ಚಿಕ್ಕದಾದಷ್ಟೂ ತಪ್ಪಿಗೆ ಮರೆಯಿಲ್ಲ.

ಬಾಲಕನ ಪೂರ್ವವೃತ್ತಾಂತ

ಜೋಯಿ 2003ರ ಜೂನ್ 25ರಂದು ಬಾಲಿ ದ್ವೀಪದ ಡೆನ್ಪಸಾರ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಹವ್ಯಾಸಕ್ಕಾಗಿ ವಾದ್ಯ ನುಡಿಸುತ್ತಿದ್ದವರು. ಅವರ ಬಳಿ ಜಾಜ್ ಮುದ್ರಿಕೆಗಳಿದ್ದುವು. ಆರನೆಯ ವಯಸ್ಸಿನಲ್ಲಿ ಮಗುವಿನ ಕೈಗೆ ಒಂದು ಚಿಕ್ಕ ವಿದ್ಯುತ್ ಕೀಲಿಮಣೆ ಬಂದಿತು. ಮುದ್ರಿಕೆಗಳಲ್ಲಿ ಕೇಳಿದ್ದ ಧಾಟಿಗಳನ್ನು ಅವನು ಕಿವಿಯಿಂದಲೇ ಹಿಡಿದು ಬೆರಳಿಗೆ ತಂದುಕೊಂಡನು. ಹಾಗೆ ಮೊದಮೊದಲು ಕಲಿತವುಗಳಲ್ಲಿ ಥೆಲೋನಿಯಸ್ ಮಂಕ್ ಎಂಬ ಅಮೆರಿಕದ ವಾಗ್ಗೇಯಕಾರನ 'ವೆಲ್, ಯೂ ನೀಡಂಟ್' ಎಂಬುದೂ ಒಂದು.

ಮುಂದಿನ ಸಂಗತಿಗಳನ್ನು ಲೋಕ ಬಲ್ಲದು. ಎಂಟನೆಯ ವಯಸ್ಸಿನಲ್ಲಿ, ಯುನೆಸ್ಕೋದ ಪರವಾಗಿ ಜಕಾರ್ತಕ್ಕೆ ಬಂದಿದ್ದ ಹೆಸರಾಂತ ಪಿಯಾನೊವಾದಕ ಹರ್ಬಿ ಹ್ಯಾನ್‌ಕಾಕ್ ಅವರೆದುರು ಅವನು ನುಡಿಸಿದನು. 2013ರಲ್ಲಿ ಉಕ್ರೇನಿನ ಒಡೆಸ್ಸಾ ನಗರದ ಮಾಸ್ಟರ್ ಜಾಮ್ ಎಂಬ ಸ್ಪರ್ಧೆಯಲ್ಲಿ ಹಿರಿಯ ಬಹುಮಾನವನ್ನು ಗಳಿಸಿದನು. 2014ರ ಮೇ ತಿಂಗಳಲ್ಲಿ ತುತ್ತೂರಿ ವಿದ್ವಾಂಸ ವಿಂಟನ್ ಮಾರ್ಸಾಲಿಸ್ ಅವರ ಆಹ್ವಾನದಂತೆ ನ್ಯೂಯಾರ್ಕಿನ 'ಜಾಜ್ ಅಟ್ ಲಿಂಕನ್ ಸೆಂಟರ್' ಸಂಸ್ಥೆಯ ಉತ್ಸವದಲ್ಲಿ ಮಂಕ್‌ನ 'ರೌಂಡ್ ಮಿಡ್‌ನೈಟ್' ಎಂಬ ಕೃತಿಯನ್ನು ಒಬ್ಬನೇ ನುಡಿಸಿದನು. 2015ರಲ್ಲಿ ಬಂದ 'ಮೈ ಫೇವರಿಟ್ ಥಿಂಗ್ಸ್' ಎಂಬ ಮೊದಲ ಮುದ್ರಿಕೆ ಗ್ರ್ಯಾಮಿ ಪ್ರಶಸ್ತಿಗೆ ಎರಡು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆಯಿತು.

ಇದನ್ನು ಓದಿದವರು ಪವಾಡವೆಂದು ಕೈಮುಗಿಯಬಹುದು. ಆದರೆ ವಿವರಗಳನ್ನು ಮತ್ತೊಮ್ಮೆ ನೋಡಬೇಕು. ಮನೆಯಲ್ಲಿ ಹುಟ್ಟಿದಾರಭ್ಯ ಕಿವಿಗೆ ಬಿದ್ದ ಮುದ್ರಿಕೆಗಳು ವ್ಯುತ್ಪತ್ತಿಯಲ್ಲದೆ ಮತ್ತೇನು? ಅವನಿದ್ದ ಊರಿನಲ್ಲಿ ಈ ಸಂಗೀತಕ್ಕೆ ಪಾಠಶಾಲೆಯಿರಲಿಲ್ಲವಾಗಿ, ಬಾಲಿಯಲ್ಲಿಯೂ ಆಮೇಲೆ ಜಕಾರ್ತದಲ್ಲಿಯೂ ದೊಡ್ಡವರಾದ ವಾದಕರ ನಡುವೆ ಕುಳಿತು ಅವರೊಡನೆ ನುಡಿಸುತ್ತ ಕಲಿತದ್ದು ಅಭ್ಯಾಸವಲ್ಲದೆ ಮತ್ತೇನು? ತಂದೆತಾಯಿಗಳು ಮಗನ ವಿದ್ಯೆಗಾಗಿ ಮೊದಲು ಜಕಾರ್ತಕ್ಕೂ ಅನಂತರ 2014ರಲ್ಲಿ ನ್ಯೂಯಾರ್ಕಿಗೂ ಸಂಸಾರವನ್ನೇ ಸಾಗಿಸಿದರು. ಪ್ರತಿಭೆಯು ಬೀಜ, ನೆಲವೂ ನೀರೂ ಬೇರೆಯವರಿಂದ ಬಂದುವು. ಮಮ್ಮಟನು ಮೂರು ಕೂಡಿ ಒಂದು ಕಾರಣವೆಂದದ್ದು ಇಲ್ಲಿ ಎಳ್ಳಷ್ಟೂ ಸುಳ್ಳಾಗಿಲ್ಲ. ವ್ಯತ್ಯಾಸವೆಂದರೆ, ಇತರರಿಗೆ ಇಪ್ಪತ್ತು ವರ್ಷ ಹಿಡಿಯುವುದು ಇವನಿಗೆ ನಾಲ್ಕಾರು ವರ್ಷಗಳಲ್ಲಿ ಕೂಡಿಬಂದಿತು.

ಮಂಕ್ ಎಂಬ ಗುರು

ಮಂಕ್ ಎಂಬ ಹೆಸರನ್ನು ಕೇಳಿ ಕನ್ನಡದ ಮಕ್ಕಳು ನಗಬಾರದು. ಆಂಗ್ಲದಲ್ಲಿ ಅದಕ್ಕೆ ಸಂನ್ಯಾಸಿಯೆಂದು ಅರ್ಥ; ಅದು ಅವನ ಮನೆತನದ ಹೆಸರು. ಥೆಲೋನಿಯಸ್ ಮಂಕ್ 1917ರ ಅಕ್ಟೋಬರ್ 10ರಂದು ಉತ್ತರ ಕೆರೊಲೈನಾ ಪ್ರಾಂತದ ರಾಕಿ ಮೌಂಟ್ ಎಂಬಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದನು. 1940ರ ದಶಕದಲ್ಲಿ ಹಾರ್ಲೆಮ್ ಪ್ರದೇಶದ ಮಿಂಟನ್ಸ್ ಪ್ಲೇಹೌಸಿನಲ್ಲಿ ಪಿಯಾನೊ ನುಡಿಸುತ್ತ, ಜಾಜ್ ಸಂಗೀತದ ದಿಕ್ಕನ್ನೇ ಬದಲಾಯಿಸಿದ ತರುಣರ ಗುಂಪಿನಲ್ಲಿ ಒಬ್ಬನಾದನು. ಅವನ ರಚನೆಗಳು ಸುಮಾರು 70 ಮಾತ್ರ. ಆದರೂ ಜಾಜ್ ವಾದಕರಾರೂ ಅವುಗಳನ್ನು ಕಲಿಯದೆ ಮುಂದೆ ಹೋಗಲಾರರು.

ಅವನ ವಾದನದ ಲಕ್ಷಣಗಳನ್ನು ಎರಡಾಗಿ ಹೇಳಬಹುದು. ಮೊದಲನೆಯದು, ಒರಟುತನದೊಳಗಣ ಸೊಗಸು. ಅಕ್ಕಪಕ್ಕದ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ, ಕಿವಿಗೆ ಮುಳ್ಳಿನಂತೆ ತಾಗುವ ನಾದವನ್ನು ಹೊರಡಿಸಿ, ಅದೇ ಸರಿಯೆಂದು ಕೇಳುವವನು ಒಪ್ಪುವಂತೆ ಮುಂದಿನ ಸ್ವರವನ್ನು ಇರಿಸುತ್ತಿದ್ದನು. ಎರಡನೆಯದು ಮೌನ. ಎಲ್ಲರೂ ಸ್ವರವನ್ನು ನಿರೀಕ್ಷಿಸುವ ಕಡೆಯಲ್ಲಿ ಅವನು ಕೈಯೆತ್ತಿ ಸುಮ್ಮನಿರುತ್ತಿದ್ದನು. ಆ ಬಯಲಿನಿಂದಲೇ ಹಿಂದಿನ ಸ್ವರಕ್ಕೂ ಮುಂದಿನ ಸ್ವರಕ್ಕೂ ಅರ್ಥ ಬರುತ್ತಿತ್ತು.

ಇಂಥವನಿಗೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಬೆರಳು ಪಳಗದವನೆಂದು ಹಲವರು ಜರೆದರು. 1951ರಲ್ಲಿ ಅವನ ಪರವಾನಗಿ ಚೀಟಿಯನ್ನು ಕಿತ್ತುಕೊಂಡದ್ದರಿಂದ ಮದ್ಯ ಮಾರುವ ನ್ಯೂಯಾರ್ಕಿನ ಸಂಗೀತಶಾಲೆಗಳಲ್ಲಿ ಕೆಲವು ವರ್ಷ ನುಡಿಸುವಂತೆಯೇ ಇರಲಿಲ್ಲ. 1957ರಲ್ಲಿ 'ಫೈವ್ ಸ್ಪಾಟ್' ಎಂಬಲ್ಲಿ ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೊಫೋನ್ ವಾದಕನೊಡನೆ ನುಡಿಸಿದ ಮೇಲೆ, ನಲವತ್ತರ ಅಂಚಿನಲ್ಲಿ, ಜನ ಅವನನ್ನು ಅರಿತರು. ಅವನು 1982ರಲ್ಲಿ ತೀರಿಕೊಂಡನು. ಪುಲಿಟ್ಜರ್ ಸಮಿತಿಯ ವಿಶೇಷ ಗೌರವ ಬಂದದ್ದು 2006ರಲ್ಲಿ. ಶಿಷ್ಯಸ್ಥಾನದ ಬಾಲಕನಿಗೆ ಹತ್ತು ವರ್ಷಕ್ಕೇ ಸಭೆಯ ಚಪ್ಪಾಳೆ, ಗುರುಸ್ಥಾನದವನಿಗೆ ನಲವತ್ತಕ್ಕೆ. ಮನ್ನಣೆ ಬಂದ ವಯಸ್ಸು ವಿದ್ಯೆಗೆ ಅಳತೆಗೋಲಲ್ಲ ಎಂಬುದಕ್ಕೆ ಈ ಇಬ್ಬರೇ ಸಾಕು.

ಮುದ್ರಿಕೆಯಲ್ಲಿರುವ ಕೃತಿಗಳು

2017 ಮಂಕ್‌ನ ಶತಮಾನೋತ್ಸವದ ವರ್ಷ. ಅದರ ನಿಮಿತ್ತ ಜೋಯಿ, ತಾನು ಬಾಲಕನಾಗಿ ಮೊದಲು ನುಡಿಸಿದ್ದ 'ಜಾಜ್ ಅಟ್ ಲಿಂಕನ್ ಸೆಂಟರ್'ನಲ್ಲಿಯೇ, ಮಂಕ್‌ನ ಕೃತಿಗಳನ್ನು ಮಾತ್ರ ಆರಿಸಿಕೊಂಡು ಕಛೇರಿ ಮಾಡಿದನು. ಬಾಸ್ ಸ್ಕಾಟ್ ಕಾಲಿ ಅವರದು, ಡ್ರಮ್ ಮೂರನೆಯ ವಿಲೀ ಜೋನ್ಸ್ ಅವರದು. ಇಬ್ಬರೂ ವಯಸ್ಸಿನಲ್ಲಿ ಅವನ ತಂದೆಗೆ ಸಮಾನರು, ಅನುಭವದಲ್ಲಿ ಪಕ್ವರು. ಆದರೂ ಮೇಳದ ನಾಯಕತ್ವ ಬಾಲಕನದು. ಚೆನ್ನಬಸವಣ್ಣನವರ ಎಳೆಯ ವಯಸ್ಸನ್ನು ಎಣಿಸದೆ ಅರಿವಿಗೆ ತಲೆಬಾಗಿದ ಶರಣರ ಪರಂಪರೆಯನ್ನು ಬಲ್ಲ ನಮಗೆ ಇದು ಅಸಹಜವೆನಿಸದು.

ಆರಿಸಿಕೊಂಡ ಕೃತಿಗಳು ಏಳು. ಅವುಗಳ ಹೆಸರುಗಳಲ್ಲಿಯೇ ಅಲಂಕಾರದ ಪಾಠವಿದೆ. 'ಅಗ್ಲಿ ಬ್ಯೂಟಿ' ಎಂದರೆ ಅಂದಗೇಡಿ ಚೆಲುವು, ಸ್ಪಷ್ಟವಾದ ವಿರೋಧಾಭಾಸ. ಇದು ಮೂರೆಣಿಕೆಯ ಲಯದಲ್ಲಿ ಮಂಕ್ ರಚಿಸಿದ ಏಕೈಕ ಕೃತಿಯೆಂದು ಪ್ರಸಿದ್ಧಿ. 'ಎಪಿಸ್ಟ್ರೊಫಿ' ಎಂಬುದು ಗ್ರೀಕರ ವಾಗ್ಮಿತಾಶಾಸ್ತ್ರದ ಶಬ್ದ. ವಾಕ್ಯ ವಾಕ್ಯದ ಕೊನೆಯಲ್ಲಿಯೂ ಒಂದೇ ಪದ ಮರಳಿ ಬರುವುದಕ್ಕೆ ಆ ಹೆಸರು. ನಮ್ಮ ಅಂತ್ಯಪ್ರಾಸದ ನೆರೆಯದು. ಡ್ರಮ್ ವಾದಕ ಕೆನಿ ಕ್ಲಾರ್ಕ್ ಜೊತೆಗೂಡಿ ಮಂಕ್ ರಚಿಸಿದ ಈ ಕೃತಿಯಲ್ಲಿ ಒಂದು ಚಿಕ್ಕ ತುಣುಕು ಬಿಡದೆ ಮರಳುತ್ತಿರುತ್ತದೆ.

'ಎವಿಡೆನ್ಸ್' ಎಂಬ ಹೆಸರಂತೂ ಶ್ಲೇಷದ ಚಮತ್ಕಾರ. ಹಳೆಯದೊಂದು ಜನಪ್ರಿಯ ಹಾಡು 'ಜಸ್ಟ್ ಯೂ, ಜಸ್ಟ್ ಮಿ', ಎಂದರೆ ನೀನು ಮಾತ್ರ, ನಾನು ಮಾತ್ರ. ಅದರ ಸ್ವರಗುಚ್ಛಗಳ ಸರಣಿಯ ಮೇಲೆ ಮಂಕ್ ಹೊಸ ಕೃತಿಯನ್ನು ಕಟ್ಟಿದನು. ನೀನು ಮತ್ತು ನಾನು ಎಂದರೆ 'ನಾವು ಮಾತ್ರ', ಆಂಗ್ಲದಲ್ಲಿ 'ಜಸ್ಟ್ ಅಸ್'. ಅದನ್ನು ಕೂಡಿಸಿ ನುಡಿದರೆ 'ಜಸ್ಟಿಸ್', ಎಂದರೆ ನ್ಯಾಯ. ನ್ಯಾಯಕ್ಕೆ ಬೇಕಾದದ್ದು ಸಾಕ್ಷ್ಯ, ಎಂದರೆ 'ಎವಿಡೆನ್ಸ್'. ಹಾಡಿನ ಮೈಯನ್ನೆಲ್ಲ ಕಳಚಿ, ಅಲ್ಲೊಂದು ಇಲ್ಲೊಂದು ಸ್ವರವನ್ನು ತಾಳದ ಪೆಟ್ಟಿಗೆ ಸರಿಯಾಗಿ ಬೀಳದಂತೆ ಎಸೆದು ಹೋದಂತಿದೆ ಇದರ ಧಾಟಿ. ಮೂಲದ ಹಾಡನ್ನು ಅದು ಧ್ವನಿಸುತ್ತದೆಯೇ ಹೊರತು ಹೇಳುವುದಿಲ್ಲ.

'ರಿದಮ್-ಎ-ನಿಂಗ್' ಎಂಬುದು ಗರ್ಶ್‌ವಿನ್ ಎಂಬ ರಚನಕಾರನ 'ಐ ಗಾಟ್ ರಿದಮ್' ಹಾಡಿನ ಸರಣಿಯ ಮೇಲೆ ನಿಂತಿದೆ. 'ಸ್ಟ್ರೇಟ್, ನೋ ಚೇಸರ್' ಹನ್ನೆರಡು ತಾಳಖಂಡಗಳ ಬ್ಲೂಸ್ ಎಂಬ ರೂಪದಲ್ಲಿದೆ. ಅದರಲ್ಲಿ ಒಂದೇ ಕಿರುವಾಕ್ಯ ಬೇರೆ ಬೇರೆ ಮಾತ್ರೆಗಳ ಮೇಲೆ ಬಿದ್ದು, ಪ್ರತಿಸಲವೂ ಹೊಸದಾಗಿ ಕೇಳಿಸುತ್ತದೆ. ಯತಿಯನ್ನು ಮೀರಿಯೂ ಛಂದಸ್ಸನ್ನು ಕೆಡಿಸದ ನಮ್ಮ ಕವಿಗಳ ನಡೆಯನ್ನು ಬಲ್ಲವರು ಇದನ್ನು ಬೇಗ ಹಿಡಿಯಬಲ್ಲರು. 'ಪಾನೋನಿಕ' ಎಂಬುದು ಮಂಕ್‌ಗೆ ಆಸರೆಯಾಗಿದ್ದ ಶ್ರೀಮಂತ ಮಹಿಳೆಯ ಹೆಸರು. ಕೀಟಶಾಸ್ತ್ರದಲ್ಲಿ ಆಸಕ್ತನಾದ ಅವಳ ತಂದೆ ಒಂದು ಪತಂಗದ ಹೆಸರನ್ನು ಮಗಳಿಗೆ ಇಟ್ಟಿದ್ದನು. ಕೊನೆಯ ವರ್ಷಗಳನ್ನು ಮಂಕ್ ಕಳೆದದ್ದು ನ್ಯೂಜರ್ಸಿಯಲ್ಲಿದ್ದ ಅವಳ ಮನೆಯಲ್ಲಿ. ಇನ್ನು 'ರೌಂಡ್ ಮಿಡ್‌ನೈಟ್', ನಟ್ಟಿರುಳ ಹಾಡು, ಮಂಕ್‌ನ ರಚನೆಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು.

ಈ ಕಡೆಯ ಕೃತಿಯ ವಿಷಯದಲ್ಲಿ ವಿದ್ಯಾರ್ಥಿಗಳು ಗಮನಿಸತಕ್ಕ ಅಂಶವೊಂದಿದೆ. ಜೋಯಿ ಇದನ್ನು 2014ರ ಉತ್ಸವದಲ್ಲಿ ನುಡಿಸಿದನು. ಮೊದಲ ಮುದ್ರಿಕೆಯಲ್ಲಿ ನುಡಿಸಿದನು. 2017ರಲ್ಲಿ ಪುನಃ ನುಡಿಸಿದನು. ಒಂದು ಪಾಠ ಬಂದಿತೆಂದು ಪುಸ್ತಕ ಮುಚ್ಚಿ ಮುಂದಿನದಕ್ಕೆ ಓಡಲಿಲ್ಲ. ಒಂದೇ ಪಠ್ಯವನ್ನು ಹತ್ತು ವರ್ಷದವನಾಗಿ ಓದಿದಾಗ ಕಂಡದ್ದು ಬೇರೆ, ಹದಿನಾಲ್ಕರಲ್ಲಿ ಕಂಡದ್ದು ಬೇರೆ.

ಆಲಂಕಾರಿಕರ ಒರೆಗಲ್ಲು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮಂಕ್‌ನ ಕೃತಿಗಳನ್ನೇ ನುಡಿಸುವ ಬಾಲಕನದು ಅನುಕರಣೆಯೋ ಸ್ವಂತಿಕೆಯೋ?

ಆನಂದವರ್ಧನನು 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಹಿಂದಿನ ಕವಿಯೊಡನೆ ಮುಂದಿನ ಕವಿಗೆ ಬರುವ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಂದು, ಕನ್ನಡಿಯಲ್ಲಿನ ಪ್ರತಿಬಿಂಬದಂತಹದು. ಅದಕ್ಕೆ ತನ್ನದೆಂಬ ಒಡಲೇ ಇಲ್ಲ. ಎರಡು, ಚಿತ್ರಪಟದಂತಹದು, ಒಡಲಿದ್ದರೂ ಅದು ತುಚ್ಛವಾದದ್ದು. ಮೂರು, ಒಬ್ಬರನ್ನೊಬ್ಬರು ಹೋಲುವ ಇಬ್ಬರು ಜೀವಂತ ಮನುಷ್ಯರಂತಹದು. ಮೊದಲೆರಡನ್ನು ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ. ಏಕೆಂದರೆ ಅಲ್ಲಿ ಹೋಲಿಕೆಯಿದ್ದರೂ ಪ್ರಾಣ ಬೇರೆಯಾಗಿದೆ.

ಈ ಒರೆಗಲ್ಲಿನ ಮೇಲೆ ಮುದ್ರಿಕೆಯನ್ನು ತಿಕ್ಕಿ ನೋಡೋಣ. ಮಂಕ್‌ನ ಸ್ಪರ್ಶ ಬಿರುಸು, ಕೊಡತಿಯ ಪೆಟ್ಟಿನಂತಹದು. ಜೋಯಿಯ ಸ್ಪರ್ಶ ದುಂಡು, ಹರಿಯುವ ನೀರಿನ ಗುಣ ಅದಕ್ಕೆ ಹೆಚ್ಚು. ಮಂಕ್‌ನ ಒರಟು ಸ್ವರಗಳನ್ನು ಇದ್ದಂತೆಯೇ ತಂದು ಅಂಟಿಸಿದ್ದರೆ ಅದು ಪ್ರತಿಬಿಂಬವಾಗುತ್ತಿತ್ತು. ಅವನ ಒರಟನ್ನೆಲ್ಲ ಒರಸಿ ನಯಮಾಡಿದ್ದರೆ ಅದು ಬಣ್ಣದ ಪಟವಾಗುತ್ತಿತ್ತು. ಬಾಲಕನು ಎರಡನ್ನೂ ಮಾಡಿಲ್ಲ. ಧಾಟಿಯ ಎಲುಬನ್ನೂ, ಲಯದ ಅನಿರೀಕ್ಷಿತ ತಿರುವುಗಳನ್ನೂ ಗುರುವಿನಿಂದ ಪಡೆದು, ಸ್ವರಗುಚ್ಛಗಳ ಬಣ್ಣವನ್ನೂ ಮನೋಧರ್ಮದ ವಾಕ್ಯಗಳನ್ನೂ ತನ್ನವಾಗಿ ಮಾಡಿಕೊಂಡಿದ್ದಾನೆ. ಮಂಕ್‌ನಿಂದ ತಾನು ಕಲಿತದ್ದು ಬಿಡುವಿನ ಅರಿವು, ತಾಳ್ಮೆ, ಸರಳತೆ, ಆನಂದ ಎಂಬ ಅರ್ಥದ ಮಾತನ್ನು ಅವನೇ ಆಡಿದ್ದಾನೆ. ಸ್ವರಗಳನ್ನು ಕಲಿತೆನೆಂದು ಅವನು ಹೇಳಲಿಲ್ಲ, ಗುಣಗಳನ್ನು ಕಲಿತೆನೆಂದನು. ಇದೇ ತುಲ್ಯದೇಹಿಯ ಲಕ್ಷಣ.

ಇದರಲ್ಲಿ ಕೊರತೆಯೇ ಇಲ್ಲವೆಂದು ಹೇಳುವುದು ವಿಮರ್ಶೆಯ ಧರ್ಮವಲ್ಲ. ವೇಗದ ಸುತ್ತುಗಳಲ್ಲಿ ಬೆರಳಿನ ಚುರುಕು ಕೆಲವೊಮ್ಮೆ ಮಾತಿಗಿಂತ ಮುಂದೆ ಓಡುತ್ತದೆ; ಮಂಕ್ ಸುಮ್ಮನಿರುತ್ತಿದ್ದ ಎಡೆಯನ್ನು ತರುಣನು ತುಂಬಿಬಿಡುತ್ತಾನೆ. ಮೌನವನ್ನು ಕಲಿಯಲು ವಯಸ್ಸು ಬೇಕು. ಆದರೆ ಈ ಮಾತನ್ನು ಪ್ರೌಢ ಕಲಾವಿದನೊಬ್ಬನ ಬಗೆಗೆ ಹೇಳುವಂತೆ ಹೇಳಬೇಕಾಗಿ ಬಂದದ್ದೇ ಅವನ ಸಾಧನೆ. 'ಈ ವಯಸ್ಸಿಗೆ ಇಷ್ಟು ಸಾಕು' ಎಂಬ ಕರುಣೆಯ ಹೊಗಳಿಕೆಯನ್ನು ಈ ಮುದ್ರಿಕೆ ಬೇಡುವುದಿಲ್ಲ.

ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಪ್ರತಿಭೆ ಎರಡು ಬಗೆಯೆಂದನು: ರಚಿಸುವವನದು ಕಾರಯಿತ್ರಿ, ಆಸ್ವಾದಿಸುವವನದು ಭಾವಯಿತ್ರಿ. ಧ್ವನಿಮುದ್ರಣ ಮಂದಿರದಲ್ಲಿ ತಪ್ಪಿದ್ದನ್ನು ಮತ್ತೆ ನುಡಿಸಬಹುದು. ಕಛೇರಿಯಲ್ಲಿ ಆಡಿದ ಮಾತು ಆಡಿದ್ದೇ. ಸಭೆಯ ಉಸಿರು, ಮೆಚ್ಚುಗೆಯ ಉದ್ಗಾರ, ಇವೆಲ್ಲ ವಾದಕರನ್ನು ಮುಂದಕ್ಕೆ ನೂಕುತ್ತವೆ. ಆದ್ದರಿಂದಲೇ ಇಂಥ ಮುದ್ರಿಕೆಯಲ್ಲಿ ಎರಡು ಪ್ರತಿಭೆಗಳೂ ಒಟ್ಟಿಗೆ ದಾಖಲಾಗಿವೆ.

ನಮ್ಮ ನಾಡಿನ ಒಂದು ಸಾಮ್ಯ

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಿರಿಯ ಗವಾಯಿಗಳನ್ನು ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ಮಠಾಧಿಪತಿಗಳೊಬ್ಬರು ಮೆಚ್ಚಿ ಕೊಟ್ಟ ಬಿರುದೇ ಕುಮಾರ ಗಂಧರ್ವ. ಮುಂಬಯಿಯಲ್ಲಿ ಪ್ರೊಫೆಸರ್ ದೇವಧರ್ ಅವರಲ್ಲಿ ವರ್ಷಗಟ್ಟಲೆ ಕಲಿತು, ಕ್ಷಯರೋಗದಿಂದ ದೇವಾಸದಲ್ಲಿ ಹಾಸಿಗೆ ಹಿಡಿದು, ಅಲ್ಲಿ ಕೇಳಿದ ಮಾಳವದ ಜನಪದ ಹಾಡುಗಳನ್ನು ಮನಸ್ಸಿಗೆ ತಂದುಕೊಂಡು ಎದ್ದ ಮೇಲೆ, ಅವರ ಗಾಯನ ಯಾರದ್ದರಂತೆಯೂ ಇರಲಿಲ್ಲ. ಪ್ರತಿಬಿಂಬದಿಂದ ಹೊರಟು ತನ್ನ ಪ್ರಾಣಕ್ಕೆ ಸೇರಿದ ದಾರಿ ಅದು. ದೇಶ ಬೇರೆ, ಸಂಗೀತ ಬೇರೆ, ದಾರಿ ಒಂದೇ.

ಜೋಯಿಯೂ ಆ ದಾರಿಯಲ್ಲಿ ನಡೆದನು. 2020ರಲ್ಲಿ ಬಂದ ಅವನ ಮುದ್ರಿಕೆಯ ಹೆಸರು 'ವರ್ನ'. ಇಂಡೊನೇಷ್ಯದ ನುಡಿಯಲ್ಲಿ ಅದಕ್ಕೆ ಬಣ್ಣವೆಂದರ್ಥ. ಸಂಸ್ಕೃತದ ವರ್ಣ ಶಬ್ದವೇ ಅಲ್ಲಿ ವರ್ನವಾಗಿದೆ, ನಮ್ಮಲ್ಲಿ ಬಣ್ಣವಾಗಿದೆ. ಅದರಲ್ಲಿ ಬಹುಪಾಲು ಅವನ ಸ್ವಂತ ರಚನೆಗಳು. 2022ರ 'ಒರಿಜಿನ್' ಎಂಬ ಮುದ್ರಿಕೆಯಲ್ಲಿಯಾದರೋ ಎಲ್ಲವೂ ಅವನವೇ.

ಉಪಸಂಹಾರ

ವಿದ್ಯಾರ್ಥಿಗಳೇ, ಪ್ರತಿಭೆಯಿಲ್ಲವೆಂದು ನಿರಾಶರಾಗುವವರು ಮೊದಲು ಜೋಯಿಯ ಕಿವಿಯನ್ನು ನೋಡಲಿ, ಆಮೇಲೆ ಬೆರಳನ್ನು ನೋಡಲಿ. ಅವನು ನುಡಿಸುವ ಮೊದಲು ಕೇಳಿದನು. ನುಡಿಸತೊಡಗಿದ ಮೇಲೂ ಕೇಳುವುದನ್ನು ಬಿಡಲಿಲ್ಲ. ಕಂಠಪಾಠವನ್ನು ಈಗ ಹಳೆಯ ಪದ್ಧತಿಯೆಂದು ಹಳಿಯುವವರುಂಟು. ಗುರುವಿನ ಕೃತಿ ಮನಸ್ಸಿನಲ್ಲಿ ನೆಲೆಗೊಳ್ಳದೆ ಅದರ ಮೇಲೆ ಸ್ವಂತ ಮಾತು ಕಟ್ಟಲಾಗದೆಂಬುದನ್ನು ಈ ಮುದ್ರಿಕೆ ತೋರಿಸುತ್ತದೆ. ಆದರೆ ಕಂಠಪಾಠದಲ್ಲಿಯೇ ನಿಂತು, ಗೈಡಿನ ಪ್ರಬಂಧವನ್ನು ಪರೀಕ್ಷೆಯ ಹಾಳೆಗೆ ಇಳಿಸಿ ಬರುವುದು ಪ್ರತಿಬಿಂಬ. ಪಂಪನದಾಗಲಿ ಹರಿಹರನದಾಗಲಿ ಒಂದು ಪದ್ಯವನ್ನು ಬಾಯಿಪಾಠ ಮಾಡಿರಿ. ಅದರ ಲಯವನ್ನು ಹಿಡಿಯಿರಿ. ಬಳಿಕ ನೀವು ಕಂಡ ಕೆರೆಯನ್ನೋ ಹೊಲವನ್ನೋ ಅದೇ ಲಯದಲ್ಲಿ ನಿಮ್ಮ ಮಾತಿನಿಂದ ವರ್ಣಿಸಿರಿ. ಆರು ತಿಂಗಳ ಮೇಲೆ ಅದೇ ಪದ್ಯಕ್ಕೆ ಮರಳಿ ಬನ್ನಿರಿ.

ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ. ಮಗುವಿನ ವಿದ್ಯೆಯನ್ನು ನಾಲ್ಕು ಜನರ ಮುಂದೆ ಮೆರೆಸುವ ಮೊದಲು, ಅದನ್ನು ನಾಲ್ಕು ಜನ ಬಲ್ಲವರ ನಡುವೆ ಕೂರಿಸಿರಿ. ಚಪ್ಪಾಳೆ ಮಗುವಿನ ವಯಸ್ಸಿಗೆ ಬಿದ್ದರೆ, ವಯಸ್ಸು ಕಳೆದೊಡನೆ ಚಪ್ಪಾಳೆಯೂ ನಿಲ್ಲುತ್ತದೆ. ವಿದ್ಯೆಗೆ ಬಿದ್ದ ಮೆಚ್ಚುಗೆಯಾದರೆ ವಿದ್ಯೆಯೊಡನೆ ಬೆಳೆಯುತ್ತದೆ.

ಈ ಮುದ್ರಿಕೆಯನ್ನು ಕೇಳಬಯಸುವವರು ಒಂದು ಕ್ರಮವನ್ನು ಅನುಸರಿಸಬಹುದು. ಮೊದಲು ಮಂಕ್ ತಾನೇ ನುಡಿಸಿದ 'ಎವಿಡೆನ್ಸ್' ಕೃತಿಯನ್ನು ಎರಡು ಸಲ ಕೇಳಿ, ಮೂಲಧಾಟಿ ಎಲ್ಲಿ ಮುಗಿದು ಮನೋಧರ್ಮ ಎಲ್ಲಿ ಮೊದಲಾಗುವುದೆಂದು ಗುರುತಿಸಬೇಕು. ಅನಂತರ ಜೋಯಿಯ ಮೇಳದಲ್ಲಿ ಅದನ್ನೇ ಕೇಳುತ್ತ ಬಾಸ್ ವಾದ್ಯದ ಮೇಲೆ ಮಾತ್ರ ಲಕ್ಷ್ಯವಿಡಬೇಕು. ಆಗ ಸುತ್ತು ತಿಳಿಯುತ್ತದೆ. ಮೂರನೆಯ ಸಲ ಪಿಯಾನೊವನ್ನು ಕೇಳಬೇಕು. ಗುರುವಿನಿಂದ ಬಂದದ್ದು ಯಾವುದು, ಶಿಷ್ಯನದು ಯಾವುದು ಎಂಬ ವಿವೇಕ ಆಗ ತಾನಾಗಿಯೇ ಮೂಡುವುದು.